ನಾಲ್ಕನೆಯ ಕಲಮು

ಕಚೇರಿ ಕೊಂಡಾಗ ನನಗೆ ಸಿಕ್ಕಿದ್ದು
ಒಂದು ಮೇಜು, ಕುಂಟುವ ಕುರ್ಚಿ,
ಜಮಾಖರ್ಚಿನ ಹನ್ನೊಂದು ಪುಸ್ತಕ,
ಹಳದಿ ಬಣ್ಣ ಎರಚಿದ ಬಾಗಿಲು.
ಅದನ್ನು ಕೆರೆಯಕೂಡದು ಎಂದು ಮುದುಕ ಅಲ್ವಾ ಕಿಟ್ರಿಜ್
ಕ್ರಯಪತ್ರದಲ್ಲೇ ಬರೆಸಿದ್ದ, ನಾಲ್ಕನೆಯ ಕಲಮು.

ನೆಬ್ರಾಸ್ಕಾ. ಮೆಕ್ಕೆಜೋಳ, ಜೋಳದಾಚೆ ರೈಲುಕಂಬಿ,
ಕಂಬಿಯಾಚೆ ಮತ್ತೆ ಜೋಳ.
ಕಾಳಿನಂಗಡಿಯ ಮೇಲಿನ ಮಹಡಿ;
ಕೆಳಗೆ ಓಟ್ಸ್ ಅಳೆದ ಧೂಳು
ಹಲಗೆಯ ಸಂದಿನಿಂದೆದ್ದು
ಕಾನೂನಿನ ಹೊತ್ತಗೆಗಳ ಮೇಲೆ ಕೂರುತ್ತಿತ್ತು.
ಸೀನದೆ ಅವನು ವಾದ ಮುಗಿಸಿದ್ದಿಲ್ಲವಂತೆ.

ಪುಸ್ತಕದ ತುಂಬ ಕಾಗೆಕಾಲು ಗುಬ್ಬಿಕಾಲು:
ವಿಧವೆ ಡ್ರೆಸ್ಲರ್, ಉಯಿಲು. ಮೊಟ್ಟೆ, ಎರಡು ಡಜನ್.
ಸ್ವೋಬೋದಾ, ಬೇಲಿ ತಂಟೆ. ಹಂದಿಯ ತೊಡೆ ಅರ್ಧ,
ಉಳಿದರ್ಧ ತಂಟೆ ತೀರಿದ ಮೇಲೆ.
ತೀರಲಿಲ್ಲ.
ಕುದುರೆ ಕದ್ದ ಪ್ರುಯಿಟ್: ಸಾಲ.
ಕೆಳಗೆ, ಬೇರೆ ಶಾಯಿಯಲ್ಲಿ: ಬಿಟ್ಟೆ.

ಮೂರು ಸಲ ಶಾಸನಸಭೆಗೆ ಗೆದ್ದ.
ಮಾತಿನಿಂದಲ್ಲ; ಮಾತು ಅವನ ಬಾಯಲ್ಲಿ ಮೊಂಡ ಕೊಡಲಿ.
ಯಾರ ಹಸು ಯಾವಾಗ ಈಯಿತು,
ಯಾವ ಸೇತುವೆಯ ಎಷ್ಟನೆಯ ಹಲಗೆ ಹುಳುಕು
ನೆನಪಿರುತ್ತಿತ್ತು, ಅಷ್ಟೆ.
ಸೇತುವೆ ಹೊಸದಾಯಿತು.
ಅದಕ್ಕೆ ಬೇರೊಬ್ಬನ ಹೆಸರಿದೆ.

ಆಮೇಲೆ ಯುದ್ಧ.
ಶಾಲೆಯಲ್ಲಿ, ಇಗರ್ಜಿಯಲ್ಲಿ, ಟೆಲಿಫೋನಿನಲ್ಲಿ ಕೂಡ
ಜರ್ಮನ್ ಆಡಕೂಡದೆಂಬ ಮಸೂದೆ.
ಹೌದು ಹೌದು ಎಂದು ಸಾಲಿಗೆ ಸಾಲು ಕೈಯೆತ್ತುವಾಗ
ಅವನು ಸೀನಿದ. ಸಭೆ ನಕ್ಕಿತು.
ಮೂಗೊರೆಸಿಕೊಂಡು ಎಂದ:
“ವಿಧವೆ ಡ್ರೆಸ್ಲರ್‌ಗೆ ದೇವರ ಹತ್ತಿರ
ಬೇರೆ ಭಾಷೆ ಬರುವುದಿಲ್ಲ.
ನನ್ನದು ಬೇಡ.”

ರಾತ್ರಿ ರೈಲಿಳಿದು ಬಂದರೆ ಬಾಗಿಲ ತುಂಬ ಹಳದಿ.
ಇನ್ನೂ ಹಸಿ. ಕೋಟಿನ ತೋಳಿಗೆ ಹತ್ತಿತು.
ಎರಚಿದವರಲ್ಲಿ ಇಬ್ಬರು ಅವನ ಕಕ್ಷಿಗಾರರು,
ಒಬ್ಬ ಪ್ರುಯಿಟ್.

ಮುಂದಿನ ಚುನಾವಣೆ: ಹದಿನಾಲ್ಕು ಮತದ ಸೋಲು.
ಡ್ರೆಸ್ಲರ್ ಮನೆಯವರು ಮತಗಟ್ಟೆಗೆ ಬರಲಿಲ್ಲ,
ಹೆದರಿದ್ದರು.
ಮೊಟ್ಟೆ ಮಾತ್ರ ಬಂತು ಶನಿವಾರ,
ಬಾಕಿ ಏನೂ ಇಲ್ಲದಿದ್ದರೂ.

ಇಪ್ಪತ್ತಮೂರು ವರ್ಷ ಅದೇ ಬಾಗಿಲು ತೆರೆದ, ಮುಚ್ಚಿದ.
ಸೋತವನ ಹೆಸರು ಊರಿಗೆ ಮರೆತದ್ದು ಒಳ್ಳೆಯದೇ ಆಯಿತು,
ಬೇಲಿ ತಂಟೆಗಳು ಮರೆಯಲಿಲ್ಲ.
ಪ್ರುಯಿಟ್‌ನ ಮಗನ ಹೊಲ ಬ್ಯಾಂಕಿನ ಪಾಲಾಗದಂತೆ
ತಡೆದವನೂ ಅವನೇ. ಹನ್ನೊಂದನೆಯ ಪುಸ್ತಕದಲ್ಲಿದೆ:
ಫೀಸು, ಬಿಳಿ ಬಣ್ಣ, ಒಂದು ಡಬ್ಬಿ.
ವಾಪಸು ಕಳಿಸಿದೆ.

ಬಿಸಿಲು ಕುಡಿದು ಕುಡಿದು
ಹಳದಿ ಈಗ ಹಳೆಬೆಣ್ಣೆಯ ಬಣ್ಣ.
ಹೊಸಬರು ಮೆಟ್ಟಿಲು ಹತ್ತಿ ಬಂದು ಕೇಳುತ್ತಾರೆ,
ಬಣ್ಣ ಹೊಡೆಯುವುದನ್ನು ಅರ್ಧಕ್ಕೇ ಬಿಟ್ಟಿರಾ, ವಕೀಲರೆ?
ನಾಲ್ಕನೆಯ ಕಲಮಿನಲ್ಲಿ ಕಾರಣ ಬರೆದಿಲ್ಲ.
ಹೇಳೋಣವೆಂದು ಬಾಯಿ ತೆರೆಯುತ್ತೇನೆ.
ಸೀನು ಬರುತ್ತದೆ.