ಏಳು ಕುದುರೆಗೆ ಇನ್ನೂರ ಎಂಬತ್ತು

ವಯಾಲಾದಲ್ಲಿ ಎಲ್ಲದರ ಮೇಲೂ ಕೆಂಪು ಧೂಳು.
ಉಕ್ಕಿನ ಕಾರ್ಖಾನೆಯದು, ಒರೆಸಿದಷ್ಟೂ ಕೂರುತ್ತದೆ.
ಅದಕ್ಕೇ ಎಂಜಿನ್ ತೆರೆಯುವ ದಿನ
ಶೆಡ್ಡಿನ ಬಾಗಿಲಿಗೆ ಒದ್ದೆ ಚಾದರ ಕಟ್ಟಿದೆ.

ಕ್ಯಾಮ್ ಜೋಡಿ ಅಡಿಲೇಡಿನಿಂದ ಅಂಚೆಯಲ್ಲಿ ಬಂದಿತ್ತು
ಉಣ್ಣೆಯ ಕಾಲುಚೀಲದೊಳಗೆ, ಒಂದೊಂದಕ್ಕೆ ಒಂದೊಂದು.
ನನ್ನ ಬೈಕಿನದೇ ಎಂಜಿನ್, ರೇಸಿನ ಮಾದರಿ;
ಬಿದ್ದು ಚಾಸಿ ಬಾಗಿದ ಮೇಲೆ ಬಿಡಿಬಿಡಿಯಾಗಿ ಮಾರಿದ್ದರು.
ಇನ್ನೂರ ಎಂಬತ್ತು ಡಾಲರ್. ಹೊಸತಾದರೆ ಒಂಬೈನೂರು.
ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ,
ಚಾಚಿದೆ. ಕಾಲುಚೀಲ ಮಾತ್ರ ಬೇರೆಯವರದು.

ಹಳೆಯದನ್ನೂ ಇದನ್ನೂ ಪಕ್ಕಪಕ್ಕ ಇಟ್ಟು ನೋಡಿದೆ:
ಉಬ್ಬಿನಲ್ಲಿ ಒಂದು ಮಿಲಿಮೀಟರ್ ಹೆಚ್ಚು, ಮೇಲೆ ಚಿಲ್ಲರೆ.
ಸಾಸಿವೆ ಕಾಳಿನಷ್ಟೂ ಇಲ್ಲ.
ಅಷ್ಟರಿಂದ ಬಾಗಿಲು ಇನ್ನಷ್ಟು ತೆರೆಯುತ್ತದೆ,
ಇನ್ನಷ್ಟು ಹೊತ್ತು,
ಇನ್ನೊಂದು ಗುಟುಕು ಗಾಳಿ.
ಆಸ್ಪತ್ರೆಯಲ್ಲಿ ಎಕ್ಸ್‌ರೇ ಹಲಗೆಗೆ ಎದೆಯೊತ್ತಿ ನಿಂತವರಿಗೆ
ದಿನವೂ ಹೇಳುತ್ತೇನೆ:
ಉಸಿರೆಳೆಯಿರಿ, ಇನ್ನೂ ಸ್ವಲ್ಪ, ಹಾಗೇ ಹಿಡಿದುಕೊಳ್ಳಿ.

ಪಕ್ಕದ ಮನೆಯ ಮರ್ವ್ ಟ್ರೆಲೋರ್ ಡಯಲ್ ಗೇಜ್ ತಂದರು.
ಮೂವತ್ತೊಂದು ವರ್ಷ ರೋಲಿಂಗ್ ಮಿಲ್ಲಿನಲ್ಲಿ ಫಿಟ್ಟರ್.
ಈಗ ಬಲಗೈ ನಡುಗುತ್ತದೆ, ಚಹಾ ಅರ್ಧ ಲೋಟವೇ ಕೊಡಬೇಕು.
'ನೀನು ಕೈ, ನಾನು ಬಾಯಿ' ಎಂದರು.

ಡಿಗ್ರಿ ಚಕ್ರಕ್ಕೆ ದುಡ್ಡು ಕೊಡಲಿಲ್ಲ;
ಕಾಗದದ ಮೇಲೆ ಅಚ್ಚುಹಾಕಿ ಹಳೆಯ ಸಿ.ಡಿ.ಗೆ ಅಂಟಿಸಿದೆ,
ಮುಳ್ಳಿಗೆ ಹ್ಯಾಂಗರಿನ ತಂತಿ.
ಹೆಡ್ ಗ್ಯಾಸ್ಕೆಟ್ ಮಾತ್ರ ಹೊಸತು,
ಅದರಲ್ಲಿ ಜುಗ್ಗತನ ಬೇಡ ಎಂದರು ಮರ್ವ್.
ಮಗಳ ಆಟದ ಜೇಡಿಯಲ್ಲಿ ಹಸಿರು ಉಂಡೆ ಕದ್ದು
ಪಿಸ್ಟನ್ನಿನ ನೆತ್ತಿಗೆ ಮೆತ್ತಿ, ತೆಂಗಿನೆಣ್ಣೆ ಸವರಿ,
ಎಲ್ಲ ಜೋಡಿಸಿ, ಸ್ಪ್ಯಾನರಿನಿಂದ ಎರಡು ಸುತ್ತು, ಮೆಲ್ಲಗೆ.
ಎಲ್ಲೂ ತಡೆಯಲಿಲ್ಲ.
ಮತ್ತೆ ಬಿಚ್ಚಿ, ಬ್ಲೇಡಿನಿಂದ ಕೊಯ್ದು ಅಳೆದರೆ
ವಾಲ್ವು ಒತ್ತಿದ ಕಡೆ ಎರಡು ಮಿಲಿಮೀಟರ್ ಉಳಿದಿತ್ತು.
'ಸಾಕು. ಬದುಕುವುದಕ್ಕೆ ಅಷ್ಟು ಜಾಗ ಸಾಕು.'

ಶಿಮ್ ಅಂದರೆ ಚಿಕ್ಕಾಣಿಯಂಥ ಬಿಲ್ಲೆ, ಎಂಟು ಬೇಕು.
ಇದ್ದ ಎಂಟನ್ನೇ ಅಳಗುಳಿಮಣೆಯ ಹರಳಿನ ಹಾಗೆ
ಈ ಗುಳಿಯಿಂದ ಆ ಗುಳಿಗೆ ಸಾಗಿಸಿ ಆರು ಕೂಡಿಸಿದೆ.
ಎರಡಕ್ಕೆ ಮಾತ್ರ ದುಡ್ಡು.

ಕೊನೆಗೆ ಒಂದು ಬೋಲ್ಟ್ ಬೆರಳಿಂದ ಜಾರಿ
ಚೈನಿನ ಬಾವಿಯೊಳಗೆ ಟಣ್ ಎಂದಿತು.
ಇಬ್ಬರೂ ಮಾತಾಡಲಿಲ್ಲ.
ಆಯಸ್ಕಾಂತಕ್ಕೆ ದಾರ ಕಟ್ಟಿ ಇಳಿಬಿಟ್ಟು, ಮುಕ್ಕಾಲು ಗಂಟೆ.

ಮರ್ವ್ ಲೆಕ್ಕದಲ್ಲಿ ಏಳು ಕುದುರೆ ಹೆಚ್ಚಾಗಬೇಕು.
ತಲೆಗೆ ನಲವತ್ತು ಡಾಲರ್; ಅಷ್ಟಕ್ಕೆ ಮೇಕೆಮರಿಯೂ ಬಾರದು.
ಸೂರ್ಯನಿಗೂ ಇರುವುದು ಏಳೇ ಎಂದೆ.
'ಅವನದು ಯಾವ ಮಾದರಿ?' ಎಂದರು.
ಆದರೆ ಮೇಲೆ ಏಳು ಬರುವಾಗ ಕೆಳಗಿಂದ ಮೂರು ಓಡಿಹೋಗುತ್ತವೆ,
ಅದನ್ನು ಮಾರಿದವನು ಬರೆದಿರಲಿಲ್ಲ.
ಮೂರು ಸಾವಿರ ಸುತ್ತಿನ ಕೆಳಗೆ ಬೈಕು ಈಗ ಕೆಮ್ಮುತ್ತದೆ,
ಸೂಪರ್ ಮಾರ್ಕೆಟ್ಟಿನ ದೀಪದ ಬಳಿ ಎರಡು ಸಲ ಆಫ್ ಆಯಿತು.

ಭಾನುವಾರ ಹೊರಾಕ್ಸ್ ಕಣಿವೆಯ ಏರಿನಲ್ಲಿ
ಕುರಿ ತುಂಬಿದ ಲಾರಿಯ ಹಿಂದೆ
ಯಾವಾಗಲೂ ನೆತ್ತಿಯವರೆಗೆ ಉಚ್ಚೆಯ ವಾಸನೆ ಕುಡಿದವಳು,
ಅದೇ ಮೂರನೇ ಗೇರಿನಲ್ಲಿ ಏಳು ಸಾವಿರ ಮುಟ್ಟಿಸಿ
ತಲೆ ತಗ್ಗಿಸಿದೆ.
ಕುರಿಗಳು ತಿರುಗಿ ನೋಡಿದವು,
ಅಥವಾ ಹಾಗೆ ಅನ್ನಿಸಿತು.

ಸಂಜೆ ಗೇಟಿನ ಬಳಿ ಎಂಜಿನ್ ಆರಿಸುವ ಮೊದಲು
ಮರ್ವ್ ಬಂದು ಟ್ಯಾಂಕಿನ ಮೇಲೆ ಬಲಗೈ ಇಟ್ಟರು.
ಬೈಕು ಎಡವಿ ಎಡವಿ ಅದುರುತ್ತಿತ್ತು,
ಕೈಯೂ ಅದುರುತ್ತಿತ್ತು,
ಯಾವುದು ಯಾವುದರದು ಎಂದು ಗೊತ್ತಾಗದೆ
ಒಂದು ನಿಮಿಷ ಕೈ ನೆಟ್ಟಗೆ ನಿಂತಂತೆ ಕಂಡಿತು.
ಅವರೂ ಅದನ್ನೇ ನೋಡುತ್ತಿದ್ದರು.

'ಹಳೆಯ ಕ್ಯಾಮಿಗೆ ಎಣ್ಣೆ ಹಚ್ಚಿ ಇಟ್ಟಿದ್ದೀಯಾ?'
ಇಟ್ಟಿದ್ದೇನೆ, ಮಂಚದ ಕೆಳಗೆ, ಅದೇ ಕಾಲುಚೀಲದಲ್ಲಿ.

ಮೇಲಿನ ಮುಚ್ಚಳದ ಎಡಮೂಲೆಯಲ್ಲಿ ಒಂದು ಹನಿ ಎಣ್ಣೆ,
ಅಷ್ಟರಲ್ಲೇ ಅದರ ಮೇಲೆ ಕೆಂಪು ಧೂಳು.
ಆ ಗ್ಯಾಸ್ಕೆಟ್ಟಿಗೆ ನಲವತ್ತೆರಡು ಡಾಲರ್.
ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.