ಗುಂಜಿ ತೂಕ

ಕ್ವಾರ್ಟರ್ ಗೇಟಿನ ಟೈರಂಗಡಿಯಲ್ಲಿ ನನ್ನ ಕೆಲಸ
ಕಾರಿನ ರಿಮ್ಮಿನಿಂದ ಹಳೆ ಸೀಸದ ತುಂಡು ಕೀಳುವುದು.
ಕಿತ್ತಿದ್ದು ಡಬ್ಬಿಗೆ. ಡಬ್ಬಿ ತುಂಬಿದ ಶನಿವಾರ
ನಾನಾ ಪೇಟೆಗೆ, ಜಾಲ್‌ಭಾಯ್ ಮನೆಗೆ.
ಎರಡನೇ ಮಾಳಿಗೆಯ ಹಿಂದಿನ ಗ್ಯಾಲರಿ,
ಸೀಮೆಎಣ್ಣೆ ಸ್ಟೌ, ಅದರ ಮೇಲೊಂದು ಕಬ್ಬಿಣದ ಗಡಿಗೆ.

ಪಂಪು ಹೊಡೆಯುವುದು ನಾನು, ಕಾಯುವುದು ಅವನು.
ಸೀಸ ಮೊದಲು ಹಟ ಹಿಡಿಯುತ್ತದೆ, ಆಮೇಲೆ
ಒಮ್ಮೆಲೇ ಸೋತು ಕನ್ನಡಿಯಾಗುತ್ತದೆ.
ಮೇಣದ ಚೂರೊಂದನ್ನು ಎಸೆಯುತ್ತಾನೆ. ಭಗ್ಗೆಂದು ಹೊಗೆ.
ಕಸವೆಲ್ಲ ಮೇಲೆ ಬಂದು ನಿಂತಾಗ
ಕೆನೆ ತೆಗೆದಂತೆ ತೆಗೆದು ಪಕ್ಕಕ್ಕಿಡುತ್ತಾನೆ.
ಒಳಗೆ ಪೆರಿನ್‌ಬಾಯಿ ಕೆಮ್ಮು, ಕಿಟಕಿ ಬಡಿದ ಸದ್ದು.

ಮೊದಲ ಐದಾರು ಸುಕ್ಕು ಸುಕ್ಕು.
ಅಚ್ಚಿನ್ನೂ ತಣ್ಣಗಿದೆ, ಮತ್ತೆ ಗಡಿಗೆಗೆ.
ಏಳನೆಯದು ಬೆಳ್ಳಿಯ ಹಾಗೆ ಜಾರಿ
ಮಡಿಸಿದ ಕಂಬಳಿಯ ಮೇಲೆ ಕೂರುತ್ತದೆ:
ಮೊಂಡು ಮೂತಿ, ಅಗಲ ಭುಜ,
ನಡುವಿಗೆ ಜೇನುಮೇಣ ತುಂಬುವ ಗೀರು.

ಅವನ ಮ್ಯಾಗ್ನಮ್ ರಿವಾಲ್ವರು ದೊಡ್ಡ ಹೊಟ್ಟೆಯದು,
ಸಣ್ಣ ತುತ್ತು ಅದಕ್ಕೆ ಸೇರುವುದಿಲ್ಲ.
ಒಂದೊಂದನ್ನೂ ಅಕ್ಕಸಾಲಿಯ ತಕ್ಕಡಿಯಲ್ಲಿ ತೂಗುತ್ತಾನೆ.
ಅವನದು ಗ್ರೇನಿನ ಲೆಕ್ಕ. ನಮ್ಮ ಅಜ್ಜಿಯ ಬಾಯಲ್ಲಾದರೆ
ನೂರೈವತ್ತು ಗುಂಜಿ, ಮೇಲೊಂದು ಚೂರು.
ಅವಳ ತಾಳಿಯ ಎರಡೂ ಗುಂಡು ಸೇರಿ ಹತ್ತು ದಾಟಿರಲಿಲ್ಲ.
ಸವೆದೀತೆಂದು ವರ್ಷಕ್ಕೊಮ್ಮೆ
ಸಿಂದಗಿಗೆ ನಡೆದು ಹೋಗಿ ತೂಗಿಸಿ ಬರುತ್ತಿದ್ದಳು.

ಯಾರಿಗೆ ಹೊಡೀತೀರಿ ಇದರಿಂದ, ಎಂದು ಕೇಳಿದ್ದೆ ಮೊದಲ ವಾರ.
ಕಾಗದಕ್ಕೆ, ಅಂದ.

ಮದ್ದು ತುಂಬುವಾಗ ಮಾತಿಲ್ಲ.
ರೇಡಿಯೋ ಬಂದ್, ಫ್ಯಾನ್ ಬಂದ್,
ನನ್ನ ಮೊಬೈಲು ಒಳಗೆ ಅಕ್ಕಿ ಡಬ್ಬಿಯ ಮೇಲೆ.
ಕಮ್ಮಿಯಾದರೆ ಗುಂಡು ನಳಿಗೆಯಲ್ಲೇ ತಳವೂರುತ್ತದೆ
ಮಾವನ ಮನೆಗೆ ಬಂದ ಅಳಿಯನಂತೆ.
ಹೆಚ್ಚಾದರೆ? ಎಡಗೈ ಎತ್ತಿ ತೋರಿಸುತ್ತಾನೆ:
ಐದೂ ಬೆರಳು ಇವೆ. ಅದೇ ಅವನ ಸರ್ಟಿಫಿಕೇಟು.

ಒಂದು ಸಂಜೆ, ಮೂವತ್ತೊಂದೋ ಮೂವತ್ತೆರಡೋ ಆಗಿತ್ತು,
ಪೆರಿನ್‌ಬಾಯಿ ಬಾಗಿಲಿಗೆ ಬಂದು
ಧನ್‌ಸಾಕ್‌ಗೆ ಕುಂಬಳವಿಲ್ಲ ಅಂದಳು.
ಅವನು ಏನೂ ಅನ್ನಲಿಲ್ಲ.
ಟಾರ್ಚು ಹಿಡಿದು ಹಿತ್ತಾಳೆ ಕೊಳವೆಗಳ ಸಾಲಿನಲ್ಲಿ ಇಣುಕಿದ,
ಇನ್ನೊಮ್ಮೆ ಇಣುಕಿದ,
ಎಲ್ಲವನ್ನೂ ಡಬ್ಬಿಗೆ ಮಗುಚಿದ.
ಒಂದರಿಂದ ಶುರು.
ಕುಂಬಳ ತರಲು ನಾನು ಇಳಿದೆ.

ಮಾರ್ಚಿನಲ್ಲಿ ವಾಘೋಲಿಯ ಸೈಟಿನಲ್ಲಿ
ಅಪ್ಪನ ತೂಗುಗುಂಡು ಕಳುವಾಯಿತು. ಹಿತ್ತಾಳೆಯದು,
ದಾರ ಸುತ್ತಿ ಕಿಸೆಯಲ್ಲಿಟ್ಟುಕೊಂಡೇ ಮಲಗುತ್ತಿದ್ದ.
ಜಾಲ್‌ಭಾಯ್‌ಗೆ ಹೇಳಲು ನನ್ನ ಹಿಂದಿ ಸಾಲದೆ
ದಾರಕ್ಕೊಂದು ನಟ್ಟು ಕಟ್ಟಿ
ಗ್ಯಾಲರಿಯ ಕಟಕಟೆಯಿಂದ ಇಳಿಬಿಟ್ಟು ತೋರಿಸಿದೆ.

ಪೆರಿನ್‌ಬಾಯಿಯ ಬುಟ್ಟಿಯಿಂದ ಗಜ್ಜರಿ ಆರಿಸಿದ,
ಪ್ಲಾಸ್ಟರಿನಲ್ಲಿ ಹೂತ, ತೆಗೆದ,
ಹದಿನೈದು ದಿನ ಬಿಸಿಲಿಗಿಟ್ಟ.
ಹನಿ ನೀರಿದ್ದರೂ ಸೀಸ ಮುಖಕ್ಕೆ ಉಗುಳುತ್ತದೆಯಂತೆ.
ಹೊರಬಂದದ್ದರ ಮೈಮೇಲೆ ಗಜ್ಜರಿಯ ಗೆರೆಗಳು ಹಾಗೇ ಇದ್ದವು.
ಅಕ್ಕಸಾಲಿಯ ತಕ್ಕಡಿಗೆ ಅದನ್ನು ಎತ್ತಲಾಗಲಿಲ್ಲ.
ಕೆಳಗಿನ ಕಿರಾಣಿಯಲ್ಲಿ, ಬೆಲ್ಲದ ಪಕ್ಕ, ತೂಗಿಸಿದೆವು.

ಅವನ ನೋಟುಬುಕ್ಕಿನಲ್ಲಿ ನಾಲ್ಕು ಕಾಲಮ್ಮು.
ತಾರೀಕು ಬರೆದ, ತೂಕ ಬರೆದ.
ದೂರ ಎಷ್ಟು? ಎಂದ.
ಹನ್ನೊಂದು ಅಂತಸ್ತು.
ಬರೆದುಕೊಂಡ.
ತಪ್ಪಿದ್ದೆಷ್ಟು ಎಂಬಲ್ಲಿ ಪೆನ್ನು ನಿಂತಿತು.
ನಿಮ್ಮಪ್ಪನನ್ನು ಕೇಳಿ ಹೇಳು.

ಅಪ್ಪ ಅಂಗೈಯಲ್ಲಿ ಹೊರಳಿಸಿ ನೋಡಿದ.
‘ಸೀಸ ಅಲ್ಲೇನು? ಮೆತ್ತಗಿರ್ತದ.
ವಾರದಾಗ ಮೂತಿ ಮೊಂಡ ಆಗ್ತದ.’
ಆಯಿತು, ನಾಲ್ಕೇ ದಿನಕ್ಕೆ.
ಆದರೂ ಬೆಳಿಗ್ಗೆ ಅದನ್ನೇ ಇಳಿಬಿಡುತ್ತಾನೆ,
ಗಾಳಿಗೆ ಅದು ಆಚೆ ಈಚೆ ಹೋಗಿ ನಿಲ್ಲುವವರೆಗೆ
ಅವನಿಗೂ ಮಾತಿಲ್ಲ.
ಕೆಳಗೆ ಯಾರಾದರೂ ಕೂಗಿದರೆ ಕೈಯೆತ್ತಿ ತಡೆಯುತ್ತಾನೆ.

ಆ ಕಾಲಮ್ಮು ಇನ್ನೂ ಖಾಲಿ.
ಶನಿವಾರ ಶನಿವಾರ ಜಾಲ್‌ಭಾಯ್ ಕೇಳುತ್ತಾನೆ.
ಇನ್ನೂ ಅಲ್ಲಾಡುತ್ತಿದೆ ಅನ್ನುತ್ತೇನೆ,
ಪಂಪು ಹೊಡೆಯುತ್ತೇನೆ.