ಹನ್ನೊಂದು ಕೊಡ

ಶಹಾಬಾದಿನಲ್ಲಿ ಮಧ್ಯಾಹ್ನ ಮೂರರ ರೈಲು ಹಾದರೆ
ನಮ್ಮ ಕಾಲೇಜಿನ ಕಿಟಕಿ ಸರಳುಗಳು ಒಂದಿಷ್ಟು ಮಾತಾಡುತ್ತವೆ.
ಆಗ ನಾನು ಸುಮ್ಮನಾಗುತ್ತೇನೆ, ಸುಣ್ಣದ ಕಡ್ಡಿ ಕೈಯಲ್ಲೇ.
ಮೇಜಿನ ಮೇಲೆ ಇಪ್ಪತ್ತಾರು ಪ್ರಬಂಧ,
ಇಪ್ಪತ್ತಾರರಲ್ಲೂ ಮೊದಲ ಸಾಲು ಒಂದೇ:
‘ಇದೊಂದು ಅತ್ಯಂತ ಮನೋಜ್ಞವಾದ ಕಥೆ.’

ರೈಲು ಹೋದ ಮೇಲೆ ಕೇಳಿದೆ:
‘ಈ ಮಾತಿಗೆ ಅಲ್ಲ ಅನ್ನೋರು ಯಾರರ ಅದೀರೇನು?’
ಯಾರೂ ಇರಲಿಲ್ಲ.
‘ಹಂಗಾದರ ಇದು ವಾದ ಅಲ್ಲ, ನಮಸ್ಕಾರ.
ಎದುರು ಬಂದವರಿಗೆಲ್ಲ ಮಾಡೋದು.
ಜಗಳಕ್ಕ ನಿಲ್ಲುವಂಥ ಒಂದು ಸಾಲು ತರ್ರಿ.
ಆ ಜಗಳ ಗೆಲ್ಲೋದು ಹೆಂಗ, ಆಮ್ಯಾಲ ನೋಡೋಣು.’

ಕಲ್ಲಿನ ಊರು ಇದು, ಉದಾಹರಣೆ ಕಾಲಡಿಯಲ್ಲೇ ಇತ್ತು.
ಶುರು ಮಾಡಿದೆ: ಪರಸಿ ಕಲ್ಲು ನೋಡ್ರಿ, ಪದರು ಹಿಡಿದು ಉಳಿ ಇಟ್ಟರ...
ಹಿಂದಿನ ಬೆಂಚಿನಿಂದ ಭಾಗಮ್ಮ ಎದ್ದಳು.
‘ಸರ್, ನಮ್ಮಪ್ಪ ಮೂವತ್ತು ವರ್ಷ ಖಣಿಯಾಗ ಅದಾನ.
ಕಲ್ಲು ತನಗ ಬೇಕಾದಲ್ಲಿ ಒಡೀತದ, ನಮಗ ಬೇಕಾದಲ್ಲಿ ಅಲ್ಲ.
ಕಲ್ಲು ಬಿಡ್ರಿ. ಕತಿ ಹೇಳ್ರಿ.’

ಕತೆ ಇಷ್ಟೇ. ಬೇಸಿಗೆ, ಓಣಿಗೊಂದು ಬಾವಿ,
ಹಗ್ಗ ಸೊಂಟಕ್ಕೆ ಸುತ್ತಿಕೊಂಡು ಕೂತ ಮುದುಕಿ.
ಎಣಿಸಿ ಎಣಿಸಿ ನೀರು ಬಿಡುತ್ತಾಳೆ,
ಕೊನೆಗೆ ಒಬ್ಬ ಹುಡುಗನನ್ನು ಬರಿಗೊಡದಲ್ಲಿ ಅಟ್ಟುತ್ತಾಳೆ.
ಹದಿನಾಲ್ಕು ವರ್ಷ ನಾನು ಕಲಿಸಿದ್ದು: ಜಿಪುಣತನ, ಬತ್ತಿದ ಎದೆ,
ಬಾವಿಗೂ ಅವಳಿಗೂ ಒಂದೇ ಉಪಮೆ.
ಗೈಡಿನಲ್ಲೂ ಅದೇ ಇದೆ.
ಗೈಡು ಬರೆದುಕೊಟ್ಟವನೂ ನಾನೇ.

ಸೋಮವಾರ ಭಾಗಮ್ಮನ ಹಾಳೆ ಬಂತು. ಮೊದಲ ಸಾಲು:
‘ಈ ಕತೆಯಲ್ಲಿ ನ್ಯಾಯ ಗೊತ್ತಿರುವುದು ಮುದುಕಿ ಒಬ್ಬಳಿಗೇ.
ಕತೆ ಹೇಳುವವನಿಗೂ ಅದು ಗೊತ್ತಿಲ್ಲ.’

ಕೆಂಪು ಪೆನ್ನು ಅಲ್ಲೇ ನಿಂತಿತು.
ಇದಕ್ಕೆ ಅಲ್ಲ ಅನ್ನುವವನು ಒಬ್ಬ ಸಿಕ್ಕಿದ್ದ. ನಾನು.

ಎರಡನೆಯ ಪ್ಯಾರಾ: ಮುದುಕಿ ಎಣಿಸುವುದು ಹನ್ನೊಂದು ಕೊಡ.
ಓಣಿಯಲ್ಲಿ ಮನೆ ಎಷ್ಟು? ಅದು ಮೊದಲ ಪುಟದಲ್ಲೇ ಇದೆ,
ನಾಯಿ, ಬೇವಿನ ಮರ, ಮುರಿದ ಗಾಲಿಗಳ ನಡುವೆ,
ಓದುವವರು ನಿಲ್ಲದೆ ದಾಟುವ ಕಡೆ:
ಹನ್ನೊಂದು.

ಮೂರನೆಯದಕ್ಕೆ ಬರುವಾಗ ನನ್ನ ಕೈಯಲ್ಲೊಂದು ಹತಾರ ಇತ್ತು, ಆ ಹುಡುಗ.
ಅವಳು ಅದನ್ನು ಮೊದಲೇ ಕಸಿದು ಹಾಳೆಯ ಮೇಲಿಟ್ಟಿದ್ದಳು:
‘ಹುಡುಗನನ್ನು ಅಟ್ಟಿದ್ದು ನನ್ನ ಮಾತಿಗೆ ಅಡ್ಡ ಬರುತ್ತದೆ. ಬರಲಿ.
ಆದರೆ ಅವನ ಅಂಗಿಯ ತೋಳು ಒದ್ದೆ ಎಂದು ಕತೆಯೇ ಹೇಳುತ್ತದೆ.
ಅವನು ಒಮ್ಮೆ ಒಯ್ದು ಮತ್ತೆ ಬಂದವನು.’

ಅಂಚಿನಲ್ಲಿ ಬರೆದೆ: ಬೆವರಿರಬಹುದು.

ಕರೆದು ತೋರಿಸಿದೆ. ನಿಂತೇ ಓದಿದಳು,
ಹೆಗಲಲ್ಲಿ ಚೀಲ, ವಾಡಿ ಬಸ್ಸಿನ ಹೊತ್ತು.
‘ಇರಬಹುದ್ರಿ. ಬೆವರು ಅಂತ ಕತಿಯಾಗ ಇಲ್ಲ ಸರ್.’
‘ನೀರು ಅಂತನೂ ಇಲ್ಲಲ್ಲ?’
ಸ್ವಲ್ಪ ಹೊತ್ತು ನೆಲ ನೋಡಿದಳು.
‘ಇಲ್ಲ. ಅದಕ್ಕೇ ಅಲ್ಲಿ ಖಂಡಿತ ಅಂತ ಬರದು ಹೊಡದೀನಿ, ನೋಡ್ರಿ.’
ಖರೇ. ಗೀಟಿನ ಅಡಿಯಲ್ಲಿ ಆ ಶಬ್ದ ಇನ್ನೂ ಕಾಣುತ್ತಿತ್ತು,
ಅದರ ಪಕ್ಕ ಸಣ್ಣಕ್ಷರದಲ್ಲಿ ‘ಬಹುಶಃ’,
ನಾನು ಓದುವಾಗ ದಾಟಿಬಂದದ್ದು.

ಇಪ್ಪತ್ತಕ್ಕೆ ಹದಿನೆಂಟು ಕೊಟ್ಟೆ.
ಎರಡು ಯಾಕೆ ಹಿಡಿದಿರಿ ಎಂದು ಅವಳು ಕೇಳಲಿಲ್ಲ.
ಕೇಳಿದ್ದರೆ ನನ್ನ ಬಳಿ ಪುರಾವೆ ಇರಲಿಲ್ಲ.

ರಾತ್ರಿ ಕಲಬುರಗಿಗೆ ಫೋನು ಹಚ್ಚಿ
ಗೈಡಿನವನಿಗೆ ಹೇಳಿದೆ: ಅರವತ್ತೆರಡನೆಯ ಪುಟ ತಡೀರಿ,
ಆ ಮುದುಕಿಯದು ಇನ್ನೊಮ್ಮೆ ನೋಡಬೇಕು.
‘ಅಚ್ಚಾಗೇದಲ್ಲ ಸರ್,’ ಅಂದ, ‘ನಿನ್ನೆನೇ.
ಎಷ್ಟು ಪ್ರತಿ ಕಳಿಸಲಿ?’